ಹಡಗಿನಿಂದ ಇಳಿದು ಒಂದು ಹಗಲು ಇಟಲಿ: ಡ್ರೈವರ್ ಸಮೇತ ಕಾರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದವರು ಮೊದಲು ಹಡಗಿನ ರೂಮು, ಊಟದ ಬಗ್ಗೆ ಕೇಳುತ್ತಾರೆ. ಆಮೇಲೆ ಎಲ್ಲರೂ ಬಂದು ನಿಲ್ಲುವುದು ಒಂದೇ ಕಡೆ: ಇಟಲಿಯ ಬಂದರಿನಲ್ಲಿ ಇಳಿದ ಮೇಲೆ ಏನು ಮಾಡೋದು? ಬೆಂಗಳೂರು, ಮೈಸೂರಿನಿಂದ ಹೊರಡುವವರು, ಅಮೆರಿಕದಿಂದ ಅಪ್ಪ-ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುವವರು ಮಾತಿನಲ್ಲಿ, ಪತ್ರದಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ.

## ಮೊದಲ ಸಲ ಹೋಗುವವರಿಗೆ

ಟಿಕೆಟ್‌ನಲ್ಲಿ "ರೋಮ್" ಅಂತ ಬರೆದಿದೆ. ಹಡಗಿಂದ ಇಳಿದ ತಕ್ಷಣ ರೋಮ್ ಅಲ್ವಾ?

ಅಲ್ಲ. ರೋಮ್‌ಗೆ ಕಡಲಿಲ್ಲ. ಹಡಗು ನಿಲ್ಲುವುದು ಚಿವಿಟವೆಕ್ಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 75 ಕಿಲೋಮೀಟರ್. ಬೆಳಗಿನ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಹಿಡಿಯಿರಿ. "ಫ್ಲಾರೆನ್ಸ್" ಅಂತ ಬರೆದಿದ್ದರೆ ಅದು ಲಿವೋರ್ನೊ ಅಥವಾ ಲಾ ಸ್ಪೆಜಿಯಾ. ಲಿವೋರ್ನೊದಿಂದ ಫ್ಲಾರೆನ್ಸ್ ಹತ್ತಿರ ಹತ್ತಿರ 90 ಕಿಲೋಮೀಟರ್, ಲಾ ಸ್ಪೆಜಿಯಾದಿಂದ ಇನ್ನೂ ಜಾಸ್ತಿ. ನೇಪಲ್ಸ್ ಮಾತ್ರ ಬೇರೆ ಥರ: ಹಡಗು ಊರಿನ ಎದೆಗೇ ಬಂದು ನಿಲ್ಲುತ್ತದೆ, ಗೇಟ್ ದಾಟಿದರೆ ಕೋಟೆ.

ಕಾಗದದ ಮೇಲೆ ಹತ್ತು ಗಂಟೆ ಕಾಣುವ ದಿನ ರೋಮ್‌ನಲ್ಲಿ ಕಾಲಿಡುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಆರೇ ಗಂಟೆ. ಎಲ್ಲ ಲೆಕ್ಕವನ್ನೂ ಈ ಆರು ಗಂಟೆಯಿಂದಲೇ ಶುರು ಮಾಡಬೇಕು.

ಹಡಗಿನವರೇ ಬಸ್ಸಲ್ಲಿ ಕರ್ಕೊಂಡು ಹೋಗ್ತಾರಲ್ಲ, ಸುಮ್ನೆ ಕಾರು ಯಾಕೆ?

ಬಸ್ಸಿನ ದೊಡ್ಡ ಲಾಭ ಒಂದು: ಹಡಗಿನವರು ನಡೆಸುವ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಕಾರಿಗೆ ಆ ಭರವಸೆ ಇಲ್ಲ. ಆದರೆ ನಲವತ್ತು ಜನರ ಬಸ್ಸು ಎಂದರೆ ಎಲ್ಲರೂ ಇಳಿಯಲು ಹತ್ತು ನಿಮಿಷ, ಟಾಯ್ಲೆಟ್‌ಗೆ ಇಪ್ಪತ್ತು ನಿಮಿಷ, ಒಬ್ಬರು ಕಾಣೆಯಾದರೆ ಅರ್ಧ ಗಂಟೆ. ದೊಡ್ಡ ಬಸ್ಸುಗಳು ಹಳೇ ಊರಿನೊಳಗೆ ಬರುವಂತಿಲ್ಲ. ದೂರ ಇಳಿಸುತ್ತಾರೆ, ಅಲ್ಲಿಂದ ನಡಿಗೆ.

ಕಾರಿಗೆ ಕೊಡುವ ದುಡ್ಡು ಸೀಟಿನ ಮೆತ್ತೆಗಲ್ಲ, ಸಮಯಕ್ಕೆ. ಅಷ್ಟು ಸಮಯದಿಂದ ನಿಮಗೇನೂ ಆಗಬೇಕಿಲ್ಲ ಅನ್ನಿಸಿದರೆ ಬಸ್ಸೇ ಸಾಕು.

ಇಟಲಿಯ ಎಲ್ಲಾ ಬಂದರಲ್ಲೂ ಕಾರು ಬೇಕಾ? ನಮ್ಮ ಹಡಗು ಐದು ಕಡೆ ನಿಲ್ಲುತ್ತೆ.

ಬೇಡ. ಐದಕ್ಕೂ ಕಾರು ಮಾಡುವುದು ದುಡ್ಡು ದಂಡ.

ವೆನಿಸ್‌ನಲ್ಲಿ ಡ್ರೈವರ್ ಏನೂ ಮಾಡಲಾರರು. ಕಾರು ಪಿಯಾತ್ಸಾಲೆ ರೋಮಾ ಎಂಬ ಚೌಕದವರೆಗೆ ಮಾತ್ರ, ಅಲ್ಲಿಂದ ಮುಂದೆ ಕಾಲು ಅಥವಾ ದೋಣಿ. 2021ರ ಆಗಸ್ಟ್‌ನಿಂದ ದೊಡ್ಡ ಕ್ರೂಸ್ ಹಡಗುಗಳನ್ನು ಸಾನ್ ಮಾರ್ಕೊ ಎದುರಿನ ಕಾಲುವೆಗೆ ಬಿಡುವುದನ್ನೂ ನಿಲ್ಲಿಸಿದ್ದಾರೆ. ನಿಮ್ಮ "ವೆನಿಸ್" ನಿಜವಾಗಿ ಮಾರ್ಗೆರಾ, ರವೆನ್ನಾ ಅಥವಾ ತ್ರಿಯೆಸ್ತೆ ಆಗಿರಬಹುದು, ಟಿಕೆಟ್ ನೋಡಿಕೊಳ್ಳಿ. ರವೆನ್ನಾದಲ್ಲಿ ಇಳಿದರೆ ನನ್ನ ಮಾತು ಕೇಳಿ: ವೆನಿಸ್‌ಗೆ ಓಡಬೇಡಿ. ಅಲ್ಲೇ ಸಾನ್ ವಿತಾಲೆ ಚರ್ಚಿನಲ್ಲಿ 6ನೇ ಶತಮಾನದ ಮೊಸಾಯಿಕ್ ನೋಡಿ, ಡಾಂಟೆಯ ಸಮಾಧಿ ನೋಡಿ, ನಿಧಾನವಾಗಿ ಊಟ ಮಾಡಿ.

ಲಾ ಸ್ಪೆಜಿಯಾದಿಂದ ಚಿಂಕ್ವೆ ತೆರೆಯ ಐದು ಹಳ್ಳಿ ನೋಡಲೂ ಕಾರು ಬೇಡ. ಹಳ್ಳಿಗಳ ಒಳಗೆ ಕಾರು ಬಿಡುವುದಿಲ್ಲ. ಕೆಲವೇ ನಿಮಿಷಕ್ಕೊಂದು ಹಳ್ಳಿ ಮುಟ್ಟಿಸುವ ರೈಲಿದೆ. ಪಲೆರ್ಮೊದಲ್ಲಿ ನಡೆದೇ ಸುತ್ತಬಹುದು.

ಕಾರಿಗೆ ನಿಜವಾದ ಬೆಲೆ ಇರುವುದು ಚಿವಿಟವೆಕ್ಕಿಯಾ, ಲಿವೋರ್ನೊ, ನೇಪಲ್ಸ್‌ನಿಂದ ಅಮಾಲ್ಫಿ, ಮೆಸ್ಸೀನಾದಿಂದ ತಾವೊರ್ಮಿನಾ, ಬಾರಿಯಿಂದ ಮಟೇರಾ ಮತ್ತು ಅಲ್ಬೆರೊಬೆಲ್ಲೊ. ಮಟೇರಾದ ಗುಹೆ ಮನೆಗಳನ್ನೂ ಅಲ್ಬೆರೊಬೆಲ್ಲೊದ ಗೋಪುರದಂಥ ಕಲ್ಲಿನ ಸೂರುಗಳನ್ನೂ ಒಂದೇ ಹಗಲಲ್ಲಿ ನೋಡಬೇಕೆಂದರೆ ಬೇರೆ ದಾರಿಯೇ ಇಲ್ಲ.

ನಾವು ನಾಲ್ಕೇ ಜನ. ಎಷ್ಟು ಖರ್ಚಾಗಬಹುದು?

ಚಿವಿಟವೆಕ್ಕಿಯಾ-ರೋಮ್ ಎಂಟು ಗಂಟೆಗೆ ಕಾರು ಅಥವಾ ಸಣ್ಣ ವ್ಯಾನ್‌ಗೆ 500ರಿಂದ 700 ಯುರೋ ಅಂದಾಜು ಇಟ್ಟುಕೊಳ್ಳಿ. ಸೀಸನ್, ಗಾಡಿ ನೋಡಿ ಹೆಚ್ಚುಕಮ್ಮಿ ಆಗುತ್ತದೆ. ದರ ಗಾಡಿಗೆ, ತಲೆಗಲ್ಲ. ಹಾಗಾಗಿ ಇಬ್ಬರಿಗೆ ದುಬಾರಿ, ಆರು ಜನರಿಗೆ ಹಡಗಿನ ಬಸ್ಸಿಗಿಂತ ಅಗ್ಗ ಆಗಿಬಿಡಬಹುದು. ನಮ್ಮಲ್ಲಿಯ ಹಾಗೆ ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ ಅಂತ ಬೇರೆ ಇರುವುದಿಲ್ಲ. ಪೆಟ್ರೋಲು, ಟೋಲು, ಪಾರ್ಕಿಂಗ್ ಎಲ್ಲ ಸೇರಿಸಿಯೇ ದರ ಹೇಳುತ್ತಾರೆ. ಆದರೂ ಒಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳಿ. ಟಿಕೆಟ್, ಗೈಡ್, ಊಟ ಅದರಲ್ಲಿ ಸೇರಿರುವುದಿಲ್ಲ.

ಇಬ್ಬರೇ ಇದ್ದು ನಡೆಯಲು ಗಟ್ಟಿ ಇದ್ದರೆ ರೋಮ್‌ಗೆ ರೈಲೇ ಹಿಡಿಯಿರಿ. ಒಬ್ಬರಿಗೆ ಸುಮಾರು 5 ಯುರೋ, ಒಂದು ಗಂಟೆ ಚಿಲ್ಲರೆ ಪ್ರಯಾಣ. ಸಾನ್ ಪಿಯೆತ್ರೊ ಸ್ಟೇಷನ್ನಿನಲ್ಲಿ ಇಳಿದರೆ ವ್ಯಾಟಿಕನ್ ನಡೆಯುವಷ್ಟು ಹತ್ತಿರ.

ಕೆಲವೇ ಗಂಟೆ ಇಳಿಯೋದು. ಅದಕ್ಕೂ ವೀಸಾ ಬೇಕಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ವೀಸಾ (ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಬೇಕೇ ಬೇಕು. ಅದಿಲ್ಲದೆ ಹಡಗೇ ಹತ್ತಿಸುವುದಿಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಇದೇ ನಿಯಮ. ನಡುವೆ ಟರ್ಕಿ, ಟ್ಯುನೀಷಿಯಾ, ಮಾಂಟೆನೆಗ್ರೊ ಥರ ಶೆಂಗೆನ್ ಹೊರಗಿನ ದೇಶ ಬಂದರೆ ಮಲ್ಟಿಪಲ್ ಎಂಟ್ರಿ ವೀಸಾ ಕೇಳಿ. ಇಲ್ಲದಿದ್ದರೆ ಅಲ್ಲಿಂದ ವಾಪಸ್ ಇಟಲಿಗೆ ಬರುವಾಗ ತೊಂದರೆ. ಕ್ರೊಯೇಷಿಯಾ 2023ರಿಂದ ಶೆಂಗೆನ್ ಒಳಗೇ ಇದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೊರಡುವವರು ಅಪಾಯಿಂಟ್‌ಮೆಂಟನ್ನು ಕೊನೆಯ ತಿಂಗಳಿಗೆ ಬಿಡಬೇಡಿ.

## ಬುಕ್ ಮಾಡುವ ಮೊದಲು

ಬಂದರಿನ ಹೊರಗೆ ಟ್ಯಾಕ್ಸಿಯವರು ಕರೀತಾರಂತೆ. ಮುಂಚೆನೇ ಬುಕ್ ಮಾಡೋದು ಯಾಕೆ?

ಇಟಲಿಯಲ್ಲಿ ಎರಡು ಥರದ ಗಾಡಿ. ಒಂದು ಮೀಟರ್ ಹಾಕುವ ಬಿಳಿ ಟ್ಯಾಕ್ಸಿ. ಇನ್ನೊಂದು ಎನ್‌ಸಿಸಿ, ಅಂದರೆ ಮುಂಗಡ ಬುಕಿಂಗ್ ಮೇಲೆ ಮಾತ್ರ ಬರುವ, ಪರವಾನಗಿ ಇರುವ ಡ್ರೈವರ್ ಸಮೇತದ ಕಾರು. ಇವಕ್ಕೆ 1992ರಿಂದ ಪ್ರತ್ಯೇಕ ಕಾನೂನೇ ಇದೆ. ನಿಮಗೆ ಬೇಕಾದ್ದು ಎರಡನೆಯದು. ಗೇಟಿನ ಹತ್ತಿರ "ರೋಮ್, ರೋಮ್" ಎಂದು ಕೂಗುವವರ ಹತ್ತಿರ ಪರವಾನಗಿ ಇದೆಯೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ದರದ ಚೌಕಾಸಿಯಲ್ಲೇ ಅರ್ಧ ಗಂಟೆ ಹೋಗುತ್ತದೆ.

ಹಳೇ ಊರುಗಳ ನಡುಭಾಗಕ್ಕೆ ಜೆಡ್‌ಟಿಎಲ್ ಎಂಬ ನಿರ್ಬಂಧ ಇದೆ. ಅನುಮತಿ ಇಲ್ಲದ ಕಾರು ಒಳಗೆ ಹೋದರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡ ಮನೆಗೆ ಬರುತ್ತದೆ. ಸ್ವಂತ ಡ್ರೈವಿಂಗ್ ಬೇಡ ಎನ್ನುವುದು ಇದಕ್ಕೇ. ಎನ್‌ಸಿಸಿಯವರು ಆ ಅನುಮತಿ ಮಾಡಿಕೊಂಡಿರುತ್ತಾರೆ, ನಿಮ್ಮನ್ನು ಬಾಗಿಲ ಹತ್ತಿರ ಇಳಿಸುತ್ತಾರೆ.

ಡ್ರೈವರೇ ಒಳಗೆ ಬಂದು ಎಲ್ಲಾ ವಿವರಿಸ್ತಾರಾ?

ಕಾರಿನೊಳಗೆ ಮಾತಾಡುತ್ತಾರೆ. ಚೆನ್ನಾಗಿ ಇಂಗ್ಲಿಷ್ ಬರುವವರನ್ನೇ ಕೊಡಿ ಎಂದು ಕೇಳಿದರೆ ಕಥೆಯನ್ನೂ ಹೇಳುತ್ತಾರೆ. ಆದರೆ ರೋಮ್‌ನ ಕೊಲೊಸಿಯಂ, ನೇಪಲ್ಸ್ ಹತ್ತಿರ ಬೂದಿಯಲ್ಲಿ ಹೂತಿದ್ದ ಹಳೇ ಊರು ಪೊಂಪೈ ಒಳಗೆ ನಿಂತು ವಿವರಿಸುವುದು ಲೈಸೆನ್ಸ್ ಇರುವ ಗೈಡ್ ಕೆಲಸ. ಡ್ರೈವರ್ ಹಾಗೆ ಮಾಡಿದರೆ ದಂಡ ಬೀಳುತ್ತದೆ. ನನ್ನ ಸಲಹೆ: ಪೊಂಪೈಗೆ ಗೈಡ್ ಮಾಡಿಕೊಳ್ಳಿ, ಎರಡು ಗಂಟೆ ಸಾಕು. ಗೈಡ್ ಇಲ್ಲದ ಪೊಂಪೈ ಬರೀ ಕಲ್ಲುಗೋಡೆ. ರೋಮ್‌ನ ಚೌಕ, ಕಾರಂಜಿಗಳಿಗೆ ಗೈಡ್ ಬೇಕಿಲ್ಲ.

ಹಡಗು ಬಂದರಿಗೆ ಬರ್ಲೇ ಇಲ್ಲ ಅಂದ್ರೆ ಅಡ್ವಾನ್ಸ್ ಕತೆ ಏನು?

ಗಾಳಿ ಜೋರಾದರೆ ಹಡಗು ಬಂದರನ್ನೇ ಬಿಟ್ಟು ಮುಂದೆ ಹೋಗುವುದುಂಟು. ಕ್ರೂಸ್ ಪ್ರಯಾಣಿಕರನ್ನೇ ನಂಬಿಕೊಂಡ ಕಂಪನಿಗಳಿಗೆ ಇದು ಗೊತ್ತಿರುತ್ತದೆ. ಹಡಗು ಬರದಿದ್ದರೆ ದುಡ್ಡಿಲ್ಲ ಎಂಬ ಷರತ್ತನ್ನು ಬಹಳ ಜನ ಒಪ್ಪುತ್ತಾರೆ. ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಪೂರ್ತಿ ಹಣ ಮುಂಚೆಯೇ ಕೇಳುವವರನ್ನು ನಾನಾದರೆ ಬಿಟ್ಟುಬಿಡುತ್ತೇನೆ. ಅದೇ ಇಮೇಲ್‌ನಲ್ಲಿ ಹಡಗಿನ ಹೆಸರು, ಬರುವ ಹೊತ್ತು, ಎಲ್ಲರೂ ಹಡಗು ಹತ್ತಿರಬೇಕಾದ ಹೊತ್ತು, ಎಲ್ಲಿ ಕಾಯುತ್ತಾರೆ, ಮಗುವಿಗೆ ಸೀಟು ಬೇಕೇ, ಗಂಟೆ ಮೀರಿದರೆ ಎಷ್ಟು, ಇಷ್ಟೂ ಇರಲಿ. ಡ್ರೈವರ್‌ನ ವಾಟ್ಸಾಪ್ ನಂಬರ್ ಹಿಂದಿನ ದಿನವೇ ಕೈಗೆ ಬರಬೇಕು.

ಟಿಕೆಟ್ ಅಲ್ಲೇ ತಗೊಂಡ್ರೆ ಆಗಲ್ವಾ?

ಕೊಲೊಸಿಯಂ, ವ್ಯಾಟಿಕನ್ ಮ್ಯೂಸಿಯಂ, ಫ್ಲಾರೆನ್ಸ್‌ನ ಉಫಿತ್ಸಿ ಮತ್ತು ಅಕಾಡೆಮಿಯಾ ಕಲಾ ಮ್ಯೂಸಿಯಂಗಳು: ಈ ನಾಲ್ಕಕ್ಕೆ ಅಲ್ಲೇ ತೆಗೆದುಕೊಳ್ಳುತ್ತೇನೆ ಎಂದರೆ ಕ್ಯೂನಲ್ಲೇ ದಿನ ಮುಗಿಯುತ್ತದೆ. ಕೊಲೊಸಿಯಂ ಟಿಕೆಟ್‌ನಲ್ಲಿ ಹೆಸರಿರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಪೊಂಪೈಯಲ್ಲೂ 2024ರ ನವೆಂಬರ್‌ನಿಂದ ಹೆಸರಿರುವ ಟಿಕೆಟ್, ದಿನಕ್ಕೆ 20,000 ಜನರ ಮಿತಿ. ಕೆಲವು ಹಡಗಿನವರು ಪಾಸ್‌ಪೋರ್ಟ್ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಪಾಸ್‌ಪೋರ್ಟ್ ನಕಲು, ಫೋಟೊ ಇರುವ ಇನ್ನೊಂದು ಕಾರ್ಡು ಜೇಬಲ್ಲಿರಲಿ.

ರಜೆಯ ವಾರ ನೋಡಿಕೊಳ್ಳಿ. ಉಫಿತ್ಸಿ, ಅಕಾಡೆಮಿಯಾ ಸೋಮವಾರ ಮುಚ್ಚಿರುತ್ತವೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಇಲ್ಲ. ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಪುಕ್ಕಟೆ ಬಿಡುತ್ತಾರೆ, ಆದರೆ ಆ ಜನಜಂಗುಳಿಗೆ ಹಡಗಿನಿಂದ ಬಂದವರು ಹೋಗಬಾರದು. ಬುಧವಾರ ಬೆಳಗ್ಗೆ ಪೋಪ್ ದರ್ಶನ ಇದ್ದರೆ ಸೇಂಟ್ ಪೀಟರ್ಸ್ ಕಡೆ ಮಧ್ಯಾಹ್ನ ಹೋಗಿ.

## ಆ ದಿನ

ರೋಮ್‌ನಲ್ಲಿ ಆರು ಗಂಟೆ. ಕೊಲೊಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿ ಎಲ್ಲಾ ಆಗುತ್ತಾ?

ಹೊರಗಿಂದ ನೋಡುವುದಾದರೆ ಎಲ್ಲವೂ ಆಗುತ್ತದೆ. ಒಳಗೆ ಹೋಗುವುದು ಒಂದೇ ಒಂದಕ್ಕೆ, ಅದನ್ನು ಮನೆಯಲ್ಲೇ ಗಟ್ಟಿ ಮಾಡಿಕೊಳ್ಳಿ. ವ್ಯಾಟಿಕನ್ ಮ್ಯೂಸಿಯಂ ಮತ್ತು ಸಿಸ್ಟೀನ್ ಚಾಪೆಲ್ ಆರಿಸಿಕೊಂಡರೆ ಮೂರು ಗಂಟೆ ಹೋಯಿತು. ಕೊಲೊಸಿಯಂ ಆದರೆ ಒಂದೂವರೆ.

ನನಗೆ ಕೇಳಿದರೆ ಕೊಲೊಸಿಯಂ ಒಳಗೆ, ಉಳಿದದ್ದು ಕಾರಿನ ಉಪಯೋಗ ಪಡೆಯುವ ಹಾಗೆ. ಅವೆಂತೀನೊ ಗುಡ್ಡದ ಮೇಲೆ ಮಾಲ್ಟಾ ನೈಟ್‌ಗಳ (ಹಳೇ ಕ್ರೈಸ್ತ ಯೋಧ ಪಂಥದವರ) ಮಠದ ಹಸಿರು ಬಾಗಿಲಿದೆ. ಅದರ ಕೀಲಿ ಕಿಂಡಿಗೆ ಕಣ್ಣಿಟ್ಟರೆ ಮೊದಲು ಕತ್ತಲು, ಆಮೇಲೆ ಎರಡೂ ಕಡೆ ಕತ್ತರಿಸಿದ ಗಿಡಗಳ ಓಣಿ, ಅದರ ತುದಿಯಲ್ಲಿ ಸರಿಯಾಗಿ ನಡುವೆ ಸೇಂಟ್ ಪೀಟರ್ಸ್ ಗುಮ್ಮಟ. ಕ್ಯಾಮೆರಾ ಅದನ್ನು ಸರಿಯಾಗಿ ಹಿಡಿಯುವುದಿಲ್ಲ, ಕಣ್ಣಲ್ಲೇ ನೋಡಬೇಕು. ಹಿಂದೆ ನಿಂತವರು ಕೆಮ್ಮಲು ಶುರು ಮಾಡುವ ಮೊದಲು ಜಾಗ ಬಿಡಿ. ಅಲ್ಲಿಂದ ಜಾನಿಕೊಲೊ ಗುಡ್ಡಕ್ಕೆ ಹನ್ನೆರಡಕ್ಕೆ ಮೊದಲು ಸೇರಿದರೆ ದಿನವೂ ಮಧ್ಯಾಹ್ನ ಹಾರಿಸುವ ಫಿರಂಗಿ ಕೇಳಬಹುದು, ಊರಿಡೀ ಕೆಳಗೆ ಹರಡಿರುತ್ತದೆ. ಬಸ್ಸಿನವರು ಈ ಎರಡನ್ನೂ ಒಂದೇ ದಿನ ಮಾಡಿಸುವುದು ಕಷ್ಟ, ಕಾರಿಗೆ ಸಲೀಸು.

ಟ್ರೆವಿಗೆ ಡ್ರೈವರ್ ಹತ್ತಿರದ ಬೀದಿಯಲ್ಲಿ ಇಳಿಸಿ ಇಪ್ಪತ್ತು ನಿಮಿಷಕ್ಕೆ ಬರುತ್ತೇನೆ ಎನ್ನುತ್ತಾರೆ. ಅಲ್ಲಿ ಜೇಬು, ಬ್ಯಾಗು ಜೋಪಾನ. ಚರ್ಚುಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಒಂದು ದುಪಟ್ಟಾ ಕಾರಲ್ಲಿ ಇಟ್ಟುಕೊಂಡರೆ ಸಾಕು.

ಫ್ಲಾರೆನ್ಸ್, ಪೀಸಾ ಎರಡೂ ಒಂದೇ ದಿನ?

ಆಗುತ್ತದೆ. ಪೀಸಾ ಲಿವೋರ್ನೊದ ಪಕ್ಕದಲ್ಲೇ ಇದೆ, ಅರ್ಧ ಗಂಟೆ. ಅದನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ. ದೂರದ ಊರು ಮೊದಲು, ಹತ್ತಿರದ್ದು ಕೊನೆಗೆ: ತಡವಾದರೆ ಪೀಸಾ ಬಿಟ್ಟು ಹಡಗಿಗೆ ಹೋಗಬಹುದು. ವಾಲಿದ ಗೋಪುರ ಹೊರಗಿಂದ ಮುಕ್ಕಾಲು ಗಂಟೆಯ ಕೆಲಸ. ಹತ್ತುವುದಾದರೆ ಎಂಟು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಫ್ಲಾರೆನ್ಸ್‌ನಲ್ಲಿ ಮೊದಲು ಪಿಯಾತ್ಸಾಲೆ ಮೈಕೆಲಾಂಜೆಲೊಗೆ ಕಾರಲ್ಲೇ ಹತ್ತಿ. ಬ್ರುನೆಲ್ಲೆಸ್ಕಿ 1436ಕ್ಕೆ ಮುಗಿಸಿದ ಕೆಂಪು ಗುಮ್ಮಟ ಅಲ್ಲಿಂದ ಕಾಣುವಷ್ಟು ಚೆಂದ ಕೆಳಗಿನಿಂದ ಕಾಣುವುದಿಲ್ಲ.

ಪೊಂಪೈ ಮತ್ತು ಅಮಾಲ್ಫಿ ಎರಡೂ ಸೇರಿಸಿ ಅಂತ ಕಂಪನಿಯವರು ಹೇಳ್ತಿದ್ದಾರೆ. ಓಡಾಟ ಜಾಸ್ತಿ ಆಗಲ್ವಾ?

ಹಡಗು ಬೆಳಗ್ಗೆ ಏಳಕ್ಕೆ ಬಂದು ಸಂಜೆ ಆರರ ಮೇಲೆ ಹೊರಡುವುದಾದರೆ ಆಗುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ಒಂದನ್ನು ಬಿಡಿ.

ಪೊಂಪೈ ಬೆಳಗ್ಗೆ ಮೊದಲು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಮುಚ್ಚಿದ ಊರಿನಲ್ಲಿ ಮರದ ನೆರಳು ಕಮ್ಮಿ. ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ಬೀದಿ ದಾಟಲು ಇಟ್ಟ ಎತ್ತರದ ಕಲ್ಲುಗಳನ್ನು ನೋಡಿ. ಅವುಗಳ ನಡುವಿನ ಸಂದಿನಲ್ಲಿ ಗಾಡಿ ಚಕ್ರ ಸವೆದು ಮಾಡಿದ ಗೆರೆ ಬೆರಳು ಇಳಿಯುವಷ್ಟು ಆಳ.

ಅಮಾಲ್ಫಿ ರಸ್ತೆ ಎಂದರೆ ಆಗುಂಬೆ ಘಾಟಿಯನ್ನು ತಂದು ಕಡಲಿನ ಮೇಲೆ ನೇತುಹಾಕಿದ ಹಾಗೆ. ಎದುರಿಂದ ಬಸ್ಸು ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಹಾಕುತ್ತದೆ. ಡ್ರೈವರ್ ನಿಲ್ಲಿಸಿ, ಕನ್ನಡಿ ಮಡಚಿ, ಗೋಡೆಗೆ ಒರಗಿದ ಹಾಗೆ ಸರಿಯುತ್ತಾರೆ. ನಿಮ್ಮ ಕಿಟಕಿಗೂ ಬಸ್ಸಿನ ತಗಡಿಗೂ ನಡುವೆ ಒಂದು ಗೇಣು. ತಲೆ ಸುತ್ತುವವರು ಹೊರಡುವ ಮುಂಚೆಯೇ ವಾಂತಿ ಮಾತ್ರೆ ತೆಗೆದುಕೊಳ್ಳಿ. ಸೊರೆಂಟೊ ಕಡೆಯಿಂದ ಅಮಾಲ್ಫಿಗೆ ಹೋಗುವಾಗ ಬಲಗಡೆ ಕೂತವರಿಗೆ ಕಡಲು.

ವಾಪಸ್ ಅದೇ ದಾರಿಯಲ್ಲಿ ಬರಬೇಡಿ. ರವೆಲ್ಲೊ ಮೇಲಿಂದ ಕಿಯುಂತ್ಸಿ ಘಾಟಿ ದಾಟಿ ಹೆದ್ದಾರಿ ಸೇರಿದರೆ ಸಂಜೆಯ ಕಡಲ ರಸ್ತೆಯ ಟ್ರಾಫಿಕ್ ತಪ್ಪುತ್ತದೆ. ಆ ದಾರಿಯಲ್ಲೇ ವಾಪಸ್ ಕರೆತರುತ್ತೀರಾ ಎಂದು ಬುಕ್ ಮಾಡುವಾಗಲೇ ಕೇಳಿ. ಉತ್ತರದಲ್ಲೇ ಡ್ರೈವರ್ ಎಷ್ಟು ಪಳಗಿದವರು ಅಂತ ಗೊತ್ತಾಗುತ್ತದೆ.

ಅಪ್ಪನಿಗೆ ಎಪ್ಪತ್ತೈದು, ಮಂಡಿ ನೋವು. ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ, ಕಾರು ಮಾಡಿದರೆ ಮಾತ್ರ. ರೋಮ್‌ನ ಬೀದಿಯ ಸಣ್ಣ ಕಪ್ಪು ಕಲ್ಲುಗಳ ಮೇಲೆ ವೀಲ್‌ಚೇರ್ ಕುಲುಕುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿಸಿ. ಅಮಾಲ್ಫಿ ದಾರಿಯ ಪೊಸಿತಾನೊ ಪೂರ್ತಿ ಮೆಟ್ಟಿಲ ಊರು, ಅದನ್ನು ಮೇಲಿನ ರಸ್ತೆಯಿಂದಲೇ ತೋರಿಸಿ ಎಂದು ಡ್ರೈವರ್‌ಗೆ ಹೇಳಿ. ವ್ಯಾನ್ ಎತ್ತರ ಇರುತ್ತದೆ, ಹತ್ತಲು ಕಷ್ಟವಾದರೆ ಸೆಡಾನ್ ಕೇಳಿ. ನೀವು ಒಳಗೆ ಹೋದಾಗ ಅವರು ಕಾರಲ್ಲೇ ಕೂರಬಹುದು ಅಂದುಕೊಳ್ಳಬೇಡಿ, ಕಾರು ಅಲ್ಲಿ ನಿಲ್ಲುವಂತಿಲ್ಲ. ಕೂರಲು ಹತ್ತಿರದ ಕಾಫಿ ಬಾರ್ ಯಾವುದು ಎಂದು ಡ್ರೈವರನ್ನು ಕೇಳಿ. ಟಾಯ್ಲೆಟ್ ಚಿಂತೆಯೂ ಅಲ್ಲೇ ತೀರುತ್ತದೆ.

ನಾವು ಮೊಟ್ಟೆನೂ ತಿನ್ನಲ್ಲ. ಊಟಕ್ಕೆ ಏನು ಗತಿ?

ಇಟಲಿ ಸಸ್ಯಾಹಾರಿಗೆ ಕಷ್ಟದ ಜಾಗವಲ್ಲ. ಮಾರ್ಗೆರೀಟಾ ಪಿಜ್ಜಾ, ಚೀಸೂ ಬೇಡದವರಿಗೆ ಮರಿನಾರಾ, ಟೊಮೇಟೊ ಸ್ಪಗೆಟ್ಟಿ ಎಲ್ಲ ಕಡೆ ಸಿಗುತ್ತವೆ. ತೊಂದರೆ ಕಾಣದ ಕಡೆ ಇರುತ್ತದೆ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿಯಾಗಿಸುವ ರೆನೆಟ್ ಬಳಸುತ್ತಾರೆ. ತರಕಾರಿ ಸೂಪಿಗೆ ಹಂದಿ ಚೂರು ಬಿದ್ದಿರಬಹುದು. ಹಸಿ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ, ಒಣ ಸ್ಪಗೆಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಾಂಸ, ಮೀನು, ಮೊಟ್ಟೆ ಬೇಡ ಎನ್ನಲು "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ಉವೋವಾ" ಎಂದರೆ ಸಾಕು. ಇನ್ನೂ ಸುಲಭ, ಡ್ರೈವರ್ ಹತ್ತಿರವೇ ಹೇಳಿಸಿ. ಬಿಲ್‌ನಲ್ಲಿ "ಕೊಪೆರ್ತೊ" ಎಂದು ತಲೆಗಿಷ್ಟು ಸೇರಿಸಿದ್ದರೆ ಗಾಬರಿ ಬೇಡ, ಅದು ಟೇಬಲ್ಲಿಗೆ ಕೊಡುವ ದುಡ್ಡು. ರೋಮ್‌ನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ, ಬೀದಿ ನಲ್ಲಿಗಳ ನೀರು ಕುಡಿಯುವಂಥದ್ದೇ, ತಣ್ಣಗೂ ಇರುತ್ತದೆ.

ಡ್ರೈವರ್‌ಗೆ ಊಟ ಕೊಡಿಸಬೇಕಾ? ಟಿಪ್ಸ್ ಎಷ್ಟು?

ಕೊಡಿಸಲೇಬೇಕೆಂದಿಲ್ಲ. ಕರೆದರೆ ಕೆಲವರು ಬರುತ್ತಾರೆ, ಹೆಚ್ಚಿನವರು ಕಾರಿನ ಹತ್ತಿರವೇ ಇರುತ್ತಾರೆ. ಟಿಪ್ಸ್ ಕಡ್ಡಾಯವಲ್ಲ. ದಿನ ಚೆನ್ನಾಗಿ ಹೋಯಿತು ಅನ್ನಿಸಿದರೆ 20ರಿಂದ 50 ಯುರೋ ಕೈಗೆ ಕೊಡಿ.

## ಒಂದೆರಡು ಸಲ ಹೋಗಿ ಬಂದವರಿಗೆ

ಹಡಗು ನಮ್ಮನ್ನ ಬಿಟ್ಟು ಹೋದ್ರೆ?

ಹಾಗಾಗದಿರಲಿ ಎಂದೇ ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಳ್ಳುವುದು. ಎಲ್ಲರೂ ಹತ್ತಿರಬೇಕಾದ ಹೊತ್ತು ಐದೂವರೆ ಅಂದರೆ ನಾಲ್ಕಕ್ಕೆ ಬಂದರಿನಲ್ಲಿ. ಹಡಗಿನ ಗಡಿಯಾರ ಊರಿನ ಗಡಿಯಾರ ಒಂದೇನಾ ಎಂದು ಬೆಳಗ್ಗೆ ಇಳಿಯುವಾಗಲೇ ನೋಡಿ. ಹಡಗಿನವರು ದಿನವೂ ಕೊಡುವ ಹಾಳೆಯಲ್ಲಿ ಬಂದರಿನ ಏಜೆಂಟ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪಿಹೋದರೆ ಮೊದಲು ಅವರಿಗೆ ಫೋನ್ ಮಾಡಿ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಡಗು ಹಿಡಿಯಬೇಕು. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕಾಗುವಷ್ಟು ಬ್ಯಾಗಲ್ಲಿರಲಿ.

ಕ್ರೂಸ್ ಮುಗಿದು ಇಳಿಯುವ ದಿನ, ಸಂಜೆ ಫ್ಲೈಟ್. ಲಗೇಜ್ ಸಮೇತ ಊರು ಸುತ್ತಬಹುದಾ?

ಕಾರು ಮಾಡಲು ಇದಕ್ಕಿಂತ ಒಳ್ಳೆ ದಿನ ಇಲ್ಲ. ಹಡಗು ತಪ್ಪುವ ಭಯ ಇಲ್ಲ, ಪೆಟ್ಟಿಗೆ ಎಲ್ಲಾ ವ್ಯಾನ್‌ನಲ್ಲಿ. ರೋಮ್ ನೋಡಿಕೊಂಡು ಫಿಯುಮಿಚಿನೊ ಏರ್‌ಪೋರ್ಟ್‌ನಲ್ಲಿ ಇಳಿಸಿ ಎಂದು ಮೊದಲೇ ಹೇಳಿ. ಪೆಟ್ಟಿಗೆ ಎಷ್ಟು, ಎಷ್ಟು ದೊಡ್ಡದು ಎಂದು ತಿಳಿಸಿ. ಆರು ಜನ, ಹತ್ತು ಪೆಟ್ಟಿಗೆ ಎಂಟು ಸೀಟಿನ ವ್ಯಾನ್‌ಗೂ ಹಿಡಿಸುವುದಿಲ್ಲ. ಪಾಸ್‌ಪೋರ್ಟ್, ಒಡವೆ ಗಾಡಿಯಲ್ಲಿ ಬಿಡಬೇಡಿ.

ಖರ್ಚು ಹಂಚಿಕೊಳ್ಳೋಕೆ ಇನ್ನೊಂದು ಕುಟುಂಬ ಸೇರಿಸಿಕೊಳ್ಳಬಹುದಾ?

ಆಗಬಹುದು. ಆದರೆ ಒಬ್ಬರಿಗೆ ಚರ್ಚು, ಇನ್ನೊಬ್ಬರಿಗೆ ಚೀಲದ ಅಂಗಡಿ ಬೇಕಾದರೆ ದಿನ ಕೆಡುತ್ತದೆ. ಎಲ್ಲಿ ಎಷ್ಟು ಹೊತ್ತು ಎಂಬುದನ್ನು ಹಡಗಲ್ಲೇ ಕೂತು ಬರೆದುಕೊಳ್ಳಿ. ದುಡ್ಡು ಒಬ್ಬರೇ ಕೊಡಲಿ, ಹಂಚಿಕೆ ನಿಮ್ಮ ನಿಮ್ಮಲ್ಲಿ.

ರೋಮ್, ಫ್ಲಾರೆನ್ಸ್ ಆಗಲೇ ನೋಡಿದ್ದೇವೆ. ಅದೇ ಬಂದರು ಮತ್ತೆ ಬಂದ್ರೆ ಎಲ್ಲಿಗೆ ಹೋಗೋದು?

ಈ ಪ್ರಶ್ನೆ ಕೇಳುವವರೆಂದರೆ ನನಗೆ ಇಷ್ಟ. ಚಿವಿಟವೆಕ್ಕಿಯಾದಿಂದ ಅರ್ಧ ಗಂಟೆಯೊಳಗೆ ತಾರ್ಕ್ವೀನಿಯಾ ಇದೆ. ರೋಮನ್ನರಿಗಿಂತ ಹಿಂದಿನ ಎಟ್ರಸ್ಕನ್ನರ ಸಮಾಧಿಗಳಿಗೆ ಇಳಿಜಾರು ಮೆಟ್ಟಿಲು ಇಳಿದು ಹೋಗಬೇಕು. ಕೆಳಗೆ ಗಾಜಿನ ಆಚೆ ಗೋಡೆ ತುಂಬಾ ಕುಣಿಯುವವರು, ಕೊಳಲು ಊದುವವರು, ಹಕ್ಕಿ, ಚಿರತೆ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಆದರೂ ಹಡಗಿನ ಜನ ಅಪರೂಪ.

ಲಿವೋರ್ನೊದಿಂದ ಲುಕ್ಕಾಗೆ ಹೋಗಿ. ಊರಿನ ಸುತ್ತ ನಾಲ್ಕು ಕಿಲೋಮೀಟರ್ ಕೋಟೆಗೋಡೆ, ಅದರ ಮೇಲೆ ಮರಗಳ ಸಾಲು, ಬಾಡಿಗೆ ಸೈಕಲ್ಲು. ನೇಪಲ್ಸ್‌ನಲ್ಲಿ ಪೊಂಪೈ ಬದಲು ಎರ್ಕೊಲಾನೊ (ಹರ್ಕ್ಯುಲೇನಿಯಂ): ಅದೇ ವೆಸೂವಿಯಸ್ ಮುಚ್ಚಿದ ಚಿಕ್ಕ ಊರು, ಆದರೆ ಮಹಡಿ, ಸುಟ್ಟು ಇದ್ದಿಲಾದ ಮರದ ತೊಲೆ ಇನ್ನೂ ಹಾಗೇ ನಿಂತಿವೆ. ದೂರ ಹೋಗಲು ತಯಾರಿದ್ದರೆ ಪೆಸ್ತುಮ್. ಎರಡೂವರೆ ಸಾವಿರ ವರ್ಷ ಹಿಂದಿನ ಮೂರು ಗ್ರೀಕ್ ದೇವಸ್ಥಾನ ಬಯಲಿನಲ್ಲಿವೆ, ಸುತ್ತಮುತ್ತ ಎಮ್ಮೆ ಸಾಕಿ ಮೊತ್ಸರೆಲ್ಲಾ ಚೀಸ್ ಮಾಡುವವರು. ನೇಪಲ್ಸ್‌ನಿಂದ ಹೋಗಿ ಬರಲು ಮೂರು ಗಂಟೆ ಬೇಕು. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.